ಅಣ್ಣ ತಂದಿಟ್ಟ ಹೆಬ್ಬಾವಿನ ಮೊಟ್ಟೆಗಳು

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದು ಲೋಕರೂಢಿ. ನನ್ನ ತವರಿನಿಂದ ಬೇಸಿಗೆಯಲ್ಲಿ ಹೆಬ್ಬಾವಿನ ಮೊಟ್ಟೆ ಬಂತು, ಅದೂ ಮೀನು ತುಂಬುವ ಥರ್ಮೋಕೋಲ್ ಡಬ್ಬದಲ್ಲಿ. ತಂದವನು ನನ್ನ ಒಡಹುಟ್ಟಿದ ಅಣ್ಣ. ನಂಜನಗೂಡಿನ ಸುತ್ತಮುತ್ತ ಯಾರ ಮನೆಗೆ ಹಾವು ನುಗ್ಗಿದರೂ ಹಿಡಿಯಲು ಹೋಗುವವನು ಅವನೇ. ಹಾವು ಹಿಡಿಯಲು ಅವನಿಗೆ ಒಂದು ಕೈ ಸಾಕು, ಇನ್ನೊಂದರಲ್ಲಿ ಮೊಬೈಲ್ ಇರುತ್ತದೆ.

ಹದಿನಾರು ಅನ್ನೋ ಊರಿನ ಕಡೆ ಜೆಸಿಬಿಯಲ್ಲಿ ಹೊಲ ಮಟ್ಟ ಮಾಡುವಾಗ ಈ ಮೊಟ್ಟೆಗಳು ಸಿಕ್ಕಿದ್ದವು. ಜನರ ಗಲಾಟೆಗೆ ತಾಯಿ ಹಾವು ಕಾಲುವೆ ಕಡೆ ಹರಿದುಹೋಗಿ ವಾಪಸ್ ಬರಲಿಲ್ಲ. ಮರಿಯಾಗುವವರೆಗೆ ಯಾರು ನೋಡಿಕೊಳ್ಳುತ್ತೀರಿ ಎಂದು ಫಾರೆಸ್ಟ್ ಗಾರ್ಡ್ ಕೇಳಿದಾಗ ಅಣ್ಣ ಕ್ಯಾಮೆರಾ ನೋಡಿಕೊಂಡು, ಇನ್ನುಮೇಲೆ ಇವಕ್ಕೆ ತಂದೆಯೂ ನಾನೇ ತಾಯಿಯೂ ನಾನೇ ಅಂದ. ಆ ತಂದೆತಾಯಿಯನ್ನು ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿದಳು. ಡಬ್ಬ ಒಳಗೆ ಬಂದರೆ ತಾನು ಹೊರಗೆ ಅಂದಳಂತೆ. ಹಾಗಾಗಿ ಅದು ತಿ. ನರಸೀಪುರದ ಪಕ್ಕದ ನಮ್ಮ ಹಳ್ಳಿಗೆ ಬಂತು.

"ವರ್ಸ ವರ್ಸ ಕೋಳಿ ಕಾವ್ಗೆ ಕೂರುಸ್ತೀಯ, ಇದೇನ್ ಮಾ ಕಷ್ಟ ನಿಂಗೆ" ಅಂದು ಕಾಫಿ ಕುಡಿದು ಹೋದ.

ಕಷ್ಟ ಇದ್ದದ್ದು ನಮ್ಮ ಅತ್ತೆಯಿಂದ. ಕೋಳಿ ತನ್ನ ಮೊಟ್ಟೆಯನ್ನು ದಿನವೂ ಹೊರಳಿಸುತ್ತದೆ. ಹೆಬ್ಬಾವಿನ ಮೊಟ್ಟೆ ಹೊರಳಿದರೆ ಒಳಗಿನ ಮರಿ ಸಾಯುತ್ತದೆ ಎಂದು ಗಾರ್ಡ್ ಎಚ್ಚರಿಸಿದ್ದರು. ಮೇಲ್ಭಾಗ ತಿಳಿಯಲೆಂದು ಪ್ರತಿ ಮೊಟ್ಟೆಗೂ ಪೆನ್ಸಿಲ್ ಗುರುತು ಹಾಕಿದ್ದೆ. ಅತ್ತೆಗೆ ಇದೆಲ್ಲ ಸೊಸೆಯ ಸೋಮಾರಿತನವಾಗಿ ಕಂಡಿತು. ನಾನು ಹಿತ್ತಲಿಗೆ ಹೋದರೆ ಸಾಕು, ಅವರ ಕೈ ಡಬ್ಬದ ಕಡೆ ಹೊರಡುತ್ತಿತ್ತು. ಕೊನೆಗೆ ಒಂದು ರಾಜಿಯಾಯಿತು: ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೋಳಿ ಬುಟ್ಟಿಗೆ ಇಡುವ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿಯನ್ನು ಅವರು ಇಡಬಹುದು, ಮೊಟ್ಟೆ ಮುಟ್ಟಬಾರದು.

ಮೊಟ್ಟೆಗಳ ಕೆಳಗೆ ಹಾಸಿದ್ದ ತೆಂಗಿನ ನಾರಿನ ಪುಡಿ ಒಣಗದಂತೆ ನೋಡಿದೆ, ಡಬ್ಬದೊಳಗೆ ಇಳಿಬಿಟ್ಟ ಬಲ್ಬಿನ ಕಾವು ಹೆಚ್ಚಾದರೆ ಮುಚ್ಚಳ ಸರಿಸಿದೆ, ಕರೆಂಟು ಹೋದರೆ ಬಿಸಿನೀರಿನ ಬಾಟಲಿ ಇಟ್ಟೆ. ಹೊಟ್ಟೆಯಲ್ಲಿ ಹುಟ್ಟಿದವರಿಗೂ ಇಷ್ಟು ಮಾಡಿರಲಿಲ್ಲ. ಅಣ್ಣ ಭಾನುವಾರ ಬಂದು ಡಬ್ಬದ ಮುಂದೆ ಕೂತು, ನಿದ್ದೆಗೆಟ್ಟು ಕಾಯುತ್ತಿದ್ದೇನೆ ಎಂದು ವಿಡಿಯೋ ಮಾಡುತ್ತಿದ್ದ. ಆಮೇಲೆ ಬಾಡೂಟ ಉಂಡು ನಮ್ಮ ಮಂಚದ ಮೇಲೆ ಸಂಜೆವರೆಗೆ ಗೊರಕೆ ಹೊಡೆಯುತ್ತಿದ್ದ.

ಎರಡು ತಿಂಗಳಾಗುತ್ತಾ ಬಂದಾಗ ಮೊಟ್ಟೆಗಳು ಗಾಳಿ ಹೋದ ಚೆಂಡಿನ ಹಾಗೆ ಒಂದೊಂದಾಗಿ ಒಳಕ್ಕೆ ಕುಸಿದವು. ನನ್ನ ಜೀವ ಬಾಯಿಗೆ ಬಂತು. ಅಣ್ಣನಿಗೆ ಫೋಟೋ ಕಳಿಸಿದೆ. ಕೆಟ್ಟುಹೋಗಿವೆ, ತಿಪ್ಪೆಗೆ ಹಾಕು ಎಂದು ಅಲ್ಲಿಂದಲೇ ತೀರ್ಪು ಕೊಟ್ಟ. ಸಂಜೆಯೊಳಗೆ ಅವನ ವಿಡಿಯೋ ಬಂತು. ಹಿನ್ನೆಲೆಯಲ್ಲಿ ಶಹನಾಯಿ, ಕೈಯಲ್ಲಿ ಕರ್ಚೀಫು, ಮಕ್ಕಳನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ಗೋಳು. ಕೆಳಗೆ ಜನ ಸಾಲುಸಾಲಾಗಿ ಓಂ ಶಾಂತಿ ಹಾಕಿದ್ದರು.

ನಾನು ಡಬ್ಬಕ್ಕೆ ಮೂಗಿಟ್ಟು ನೋಡಿದೆ. ಕೆಟ್ಟ ಮೊಟ್ಟೆ ನಾರಬೇಕು, ಇವು ನಾರುತ್ತಿರಲಿಲ್ಲ. ತಿಪ್ಪೆಗೆ ಸುರಿಯಲು ಕೈ ಬರಲಿಲ್ಲ. ಬಲ್ಬು ಉರಿದರೆ ಉರಿಯಲಿ ಎಂದು ಬಿಟ್ಟೆ.

ಒಡೆಯುವ ಮುಂಚೆ ಕುಸಿಯುವುದು ಹೆಬ್ಬಾವಿನ ಮೊಟ್ಟೆಯ ಗುಣವಂತೆ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ, ಸೀಳಿದ ಮೊಟ್ಟೆಗಳಿಂದ ಮೂತಿಗಳು ಹೊರಗೆ ಇಣುಕುತ್ತಿದ್ದವು. ಅತ್ತೆ ಮೆಣಸಿನಕಾಯಿಗೆ ಕೈಮುಗಿದರು. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಅಣ್ಣನಿಗೆ ಫೋನ್ ಮಾಡಿದೆ.

"ಈಗ್ಲೇ ಯಾರ್ಗೂ ಯೋಳ್ಬ್ಯಾಡ ಕಣವ್ವ. ಜನ ಅತ್ತವ್ರೆ."

ಒಂದು ಹದಿನೈದು ದಿನ ಡಬ್ಬದಲ್ಲೇ ಮುಚ್ಚಿಡು, ಅಷ್ಟರಲ್ಲಿ ಏನಾದರೂ ಪವಾಡ ಅಂತ ಮಾಡೋಣ ಎಂದ. ಸತ್ತ ಮಕ್ಕಳಿಂದ ಬಂದ ಹೆಸರು ಬದುಕಿದ ಮಕ್ಕಳಿಂದ ಹೋಗುತ್ತದಲ್ಲ, ಅದು ಅವನ ಸಂಕಟ. ನನ್ನ ಮೈ ಉರಿದುಹೋಯಿತು. ಅವನ ಫೋನಿಟ್ಟು ಗಾರ್ಡಿಗೆ ಮಾಡಿದೆ.

ಮರಿಗಳೆಲ್ಲ ಪೂರ್ತಿ ಹೊರಬಂದ ಮೇಲೆ ಗಾರ್ಡ್ ಜೀಪು ತಂದರು. ನಾನೂ ಹತ್ತಿದೆ. ಹದಿನಾರಿನ ಆಚೆ, ಕಾಲುವೆ ಪಕ್ಕದ ಕುರುಚಲು ಪೊದೆಗಳ ಹತ್ತಿರ ಡಬ್ಬ ಓರೆ ಮಾಡಿದರು. ಒಂದೊಂದೇ ಹರಿದು ಹೋದವು. ಒಂದಾದರೂ ತಿರುಗಿ ನೋಡೀತು ಎಂದು ನಿಂತಿದ್ದು ನನ್ನ ಹುಚ್ಚು. ಗಾರ್ಡ್ ಖಾಲಿ ಡಬ್ಬ ನನ್ನ ಕೈಗೆ ಕೊಡುತ್ತಾ, ಇಷ್ಟೆಲ್ಲ ಮಾಡಿದ ನಿಮ್ಮಣ್ಣನವರೇ ಬರಲಿಲ್ಲವಲ್ಲ ಎಂದರು.

"ಅವ್ರು ಸೂತಕದಲ್ಲವ್ರೆ ಸಾ" ಅಂದೆ.