ಖುಲಾಸೆಗೆ ಕಾಲಂ ಇಲ್ಲ

“ಇದೂ ಬರ್ಕೊಳವ್ವ, ಇದೇ ಮುಖ್ಯವಾದ್ದು!”

ನೀಲಕ್ಕ ಟ್ರಂಕಿನಿಂದ ತೆಗೆದ ಹಾಳೆಯನ್ನು ರುಖ್ಸಾರಳ ಕೈಗಿಟ್ಟಳು. ಲ್ಯಾಮಿನೇಷನ್ ಮಾಡಿಸಿದ ಕೋರ್ಟ್ ಆದೇಶ. ಮೂರು ವರ್ಷದ ಹಿಂದೆ ಬೈಕ್ ಕಳ್ಳತನದ ಕೇಸಿಗೆ ಸಿಕ್ಕಿಕೊಂಡಿದ್ದ ಮಗ ಗುರುಚರಣ್ ನಿರ್ದೋಷಿ ಎಂದು ಬರೆದ ಕಾಗದ. ರುಖ್ಸಾರ್ ಕೊನೆಯ ಸಾಲಿನವರೆಗೂ ಓದಿದಳು.

“ಇದನ್ಯಾಕೆ ತೋರಿಸಿದ್ರಿ ನೀಲಕ್ಕ?”

“ಅಯ್ಯೋ, ಜಡ್ಜ್ ಸಾಯೇಬ್ರೇ ತಪ್ಪಿಲ್ಲ ಅಂದವ್ರೆ! ಮುಚ್ಚಿಡಕ್ಕೆ ನಾವೇನ್ ಕದ್ದಿದ್ದೀವಾ?”

ರುಖ್ಸಾರ್ ಆರ್.ಟಿ. ನಗರದಿಂದ ಹುಣಸಮಾರನಹಳ್ಳಿಗೆ ಬಂದದ್ದು ಗುರುಚರಣನ ಪೂರ್ವಾಪರ ವಿಚಾರಿಸಲು. ಹೊಸದಾಗಿ ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲಿಸುವ ಕಂಪನಿಯಲ್ಲಿದ್ದಳು. ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಅವನಿಗೆ ಕೆಲಸ ನಿಕ್ಕಿಯಾಗಿತ್ತು, ಇವಳ ವರದಿಯೊಂದೇ ಬಾಕಿ. ಅಕ್ಕಪಕ್ಕದವರು ಬಾಯ್ತುಂಬ ಹೊಗಳಿದ್ದರು, ಕೇಸಿನ ಸುದ್ದಿ ಯಾರೂ ಎತ್ತಿರಲಿಲ್ಲ. ಈಗ ಎತ್ತಿದವಳು ಹೆತ್ತ ತಾಯಿಯೇ. ಮೊಬೈಲಿನ ಫಾರಂ ಕೇಳುತ್ತಿತ್ತು: ಎಂದಾದರೂ ಪ್ರಕರಣ ದಾಖಲಾಗಿತ್ತೇ? ಹೌದು. ಇಲ್ಲ. ಅಷ್ಟೇ.

ಅದೇ ರುಖ್ಸಾರ್ ಕಾಲೇಜಿನಲ್ಲಿ ಕ್ರಿಮಿನಾಲಜಿ ಓದುವಾಗ ಹೇಗಿದ್ದಳು! ಗಾಜಿನ ಲೋಟದ ಮೇಲೆ ಪುಡಿ ಉದುರಿಸಿ ಬೆರಳಚ್ಚು ಎಬ್ಬಿಸಿದ ದಿನ ಕುಣಿದಾಡಿದ್ದಳು, ಜೈಲಿನ ಕಲ್ಯಾಣಾಧಿಕಾರಿ ಆಗ್ತೀನಿ, ಇಲ್ಲ ಇಲ್ಲ ಫೊರೆನ್ಸಿಕ್ ಲ್ಯಾಬ್ ಸೇರ್ತೀನಿ ಎಂದು ದಿನಕ್ಕೊಂದು ರಾಗ ಹಾಡಿದ್ದಳು, ಕೊನೇ ವರ್ಷ ಖುಲಾಸೆಯಾದವರ ಬದುಕಿನ ಬಗ್ಗೆ ಎಂಬತ್ತು ಪುಟದ ಪ್ರಾಜೆಕ್ಟ್ ಬರೆದು ತರಗತಿಗೇ ಮೊದಲಿಗಳಾಗಿದ್ದಳು. ಸರ್ಕಾರಿ ಹುದ್ದೆಗೆ ಅರ್ಜಿ ಕರೆಯುವುದನ್ನೇ ಎರಡು ವರ್ಷ ಕಾದಳು. ಜೊತೆಗೆ ಓದಿದ ಸೌಜನ್ಯ ಮಾಲ್‌ನಲ್ಲಿ ಸಿಸಿಟಿವಿ ನೋಡುತ್ತ ಕೂತಳು, ಇವಳು ಸ್ಕೂಟಿ ಹತ್ತಿ ಮನೆಮನೆ ತಿರುಗಿದಳು.

ಅಂಗಳಕ್ಕೆ ಬಂದು ಮೇಲಧಿಕಾರಿ ನಂದಕುಮಾರನಿಗೆ ಫೋನ್ ಮಾಡಿದಳು.

“ಸರ್, ಖುಲಾಸೆ ಆಗಿದೆ. ಷರಾ ಬರೀಲಾ?”

“ಕೇಸ್ ಇತ್ತಾ, ಇಲ್ವಾ?”

“ಇತ್ತು, ಆದ್ರೆ...”

“ಆದ್ರೆಗೀದ್ರೆಗೆಲ್ಲ ಕಾಲಂ ಇಲ್ಲಮ್ಮ. ನೀನೇನು ಹೈಕೋರ್ಟಾ? ಟಿಕ್ ಹೊಡಿ, ಸಂಜೆಯೊಳಗೆ ಇನ್ನೂ ಆರು ಮನೆ ಇದೆ.”

‘ಇಲ್ಲ’ ಎಂದು ಒತ್ತಿ, ನಾಳೆ ಗೊತ್ತಾದರೆ ತನ್ನ ಕೆಲಸಕ್ಕೇ ಕುತ್ತು. ಹೆಬ್ಬೆರಳು ‘ಹೌದು’ ಒತ್ತಿತು. ಹೊರಟವಳ ಕೈಗೆ ನೀಲಕ್ಕ ಒಂದು ಕವರ್ ಅವರೆಕಾಯಿ ತುರುಕಿದಳು. ರುಖ್ಸಾರ್ ಅದನ್ನು ಸ್ಕೂಟಿಯ ಕೊಕ್ಕೆಗೆ ಸಿಕ್ಕಿಸಿ ಮುಂದಿನ ಮನೆಗೆ ಹೊರಟಳು.

ಹತ್ತು ದಿನಕ್ಕೆ ನೀಲಕ್ಕನದೇ ಫೋನು.

“ಕೆಲ್ಸ ಆಗ್ಲಿಲ್ಲ ಕಣವ್ವ. ಯಾಕೋ ಏನೋ, ಬ್ಯಾಡ ಅಂದ್ಬುಟ್ರು. ಈಗ ಯಶವಂತಪುರದ್ ಕಡೆ ಒಂದಕ್ಕೆ ಅರ್ಜಿ ಆಕವ್ನೆ. ವಿಚಾರಿಸಕ್ಕೆ ನೀನೇ ಬಾ ತಾಯಿ. ಬ್ಯಾರೆಯವ್ರು ಆ ಕಾಗದ ಕಣ್ಣೆತ್ತೂ ನೋಡಕಿಲ್ಲ. ನೀನೊಬ್ಳೇ ಪೂರ್ತಿ ಓದ್ದೋಳು.”

ರುಖ್ಸಾರಳಿಗೆ ತಲೆ ಎತ್ತಲಾಗಲಿಲ್ಲ, ಎದುರಿಗೆ ಯಾರೂ ಇಲ್ಲದಿದ್ದರೂ. ಮಗನಿಗೆ ಕೆಲಸ ಬೇಕಾದರೆ ಆ ಆದೇಶವನ್ನು ಯಾರಿಗೂ ತೋರಿಸಬೇಡಿ ಎನ್ನಬೇಕು, ಗೆದ್ದದ್ದನ್ನು ಕದ್ದ ಮಾಲಿನ ಹಾಗೆ ಬಚ್ಚಿಡಿ ಎನ್ನಬೇಕು. ಎಂಬತ್ತು ಪುಟದಲ್ಲಿ ಎಲ್ಲೂ ಬರೆಯದ ಮಾತು.

“ಬರೋ ಭಾನುವಾರ ಬರ್ತೀನಿ ನೀಲಕ್ಕ. ಆಫೀಸಿಂದಲ್ಲ, ನಾನಾಗೇ. ಅಲ್ಲೀತನಕ ಯಾರಿಗೂ ಏನೂ ತೋರಿಸ್ಬೇಡಿ.”

“ಯಾಕವ್ವ? ಫೋನಲ್ಲೇ ಏಳ್ಬಾರ್ದಾ?”

“ಎದುರಿಗೇ ಹೇಳ್ಬೇಕು.”

“ಅಂಗಾರೆ ಊಟಕ್ಕೇ ಬಾ. ಗುರುನೂ ಇರ್ತಾನೆ.”