ಬಿದ್ದುಹೋದ ಎರಡು ಸಾಲು

ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಬರಹವನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಈ ಕಸುಬಿಗೆ ಬಂದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು: ಮುಖ್ಯವಾದದ್ದನ್ನು ಮೊದಲು ಬರೆ, ಬಾಲ ಹೋದರೂ ಜೀವ ಉಳಿಯಬೇಕು. ರಾಯಚೂರಿನ ಕಚೇರಿಯಲ್ಲಿ ಕೂತು ಎಷ್ಟೋ ಹೊಸಬರ ತಲೆಗೆ ಮೊಟಕಿ ನಾನೇ ಇದನ್ನು ಹೇಳಿದ್ದೇನೆ. ಒಂದು ಸಲ ನಾನೇ ಮರೆತೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಮಾನ್ವಿಯಲ್ಲಿರುವ ನನ್ನ ಅಕ್ಕ.

ಆಗ ನಮ್ಮ ಪತ್ರಿಕೆಯಲ್ಲಿ ಮಂಗಳವಾರದ ಆರೋಗ್ಯ ಪುಟ ಅಂತ ಒಂದಿತ್ತು. ಅದು ನನ್ನದು. ಮನೆಯಲ್ಲಿ ಹೆಂಡತಿ ಅದನ್ನು ಸವತಿ ಅನ್ನುತ್ತಿದ್ದಳು. ದೇವದುರ್ಗದ ಬಸ್ಸು ಹಿಡಿದು ಹೋಗಿ, ಗುಳೆ ಹೊರಡಲು ಗಂಟುಮೂಟೆ ಕಟ್ಟಿ ಕೂತ ಹೆಂಗಸರನ್ನು ಮಾತಾಡಿಸಿ, ದುಡಿಯಲು ಹೋದ ಊರಲ್ಲಿ ಹೆರಿಗೆ ನೋವು ಬಂದರೆ ಯಾರ ಬಾಗಿಲು ಬಡಿಯುತ್ತೀರಿ ಅಂತ ಕೇಳಿ ಬರೆಯುತ್ತಿದ್ದೆ. ಕ್ಷಯ, ಕುಡಿಯುವ ನೀರು, ಹಾವು ಕಡಿತ, ಭತ್ತದ ಗದ್ದೆಗೆ ಹುಳದ ಎಣ್ಣೆ ಹೊಡೆಯುವವರ ಕಣ್ಣುರಿ, ಎಲ್ಲಕ್ಕೂ ಅಲ್ಲಿ ಜಾಗ ಇತ್ತು. ಬರೆದದ್ದನ್ನು ನಮ್ಮ ಓಣಿಯ ನಿವೃತ್ತ ವೈದ್ಯರೊಬ್ಬರಿಗೆ ಓದಿ ಹೇಳದೆ ಅಚ್ಚಿಗೆ ಕಳಿಸುತ್ತಿರಲಿಲ್ಲ. ಅವರು ಮಹಾ ಮುಂಗೋಪಿ. ತಪ್ಪು ಸಿಕ್ಕರೆ ಹಾಳೆಯನ್ನು ಕಸಿದು ಅಂಗಳಕ್ಕೆ ಎಸೆಯುತ್ತಿದ್ದರು. ನಾನು ಎದ್ದು ಹೋಗಿ ಎತ್ತಿಕೊಂಡು ಬಂದು, ಮಣ್ಣು ಜಾಡಿಸಿ, ತಿದ್ದಿ ಮತ್ತೆ ಓದುತ್ತಿದ್ದೆ.

ಒಂದು ವಾರ ಪುಟದಲ್ಲಿ ಅಂಗೈಯಗಲ ಜಾಗ ಖಾಲಿ ಉಳಿಯಿತು. ಇಂಥ ತೂತು ಮುಚ್ಚಲು ಚೌಕಟ್ಟು ಹಾಕಿ ಒಂದು ಮನೆಮದ್ದು ಕೊಡುವುದು ನಮ್ಮಲ್ಲಿ ರೂಢಿ. ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ ಎಂದು ಒಂದಷ್ಟು ಸಾಲು ಬರೆದೆ. ವೈದ್ಯರು ಮುಖ ಗಂಟಿಕ್ಕಿಕೊಂಡು, “ಹಾಕಲೇಬೇಕಂದ್ರ ಹಾಕು. ಆದ್ರ ಕೊನಿಗೆ ಎರಡು ಸಾಲು ಸೇರಸು” ಎಂದು ತಾವೇ ಹೇಳಿ ಬರೆಸಿದರು: ಇದು ಔಷಧವಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಅವರು ಕೊನೆಗೆ ಅಂದರು, ನಾನೂ ಕೊನೆಗೇ ಬರೆದೆ. ಪುಟ ಮುಗಿಯುವ ಹೊತ್ತಿಗೆ ಸೀರೆ ಅಂಗಡಿಯೊಂದರ ಜಾಹೀರಾತು ಬಂತು. ಪುಟ ಕಟ್ಟುವವನು ಚೌಕಟ್ಟಿನ ಕೆಳಗಿನಿಂದ ಎರಡು ಸಾಲು ಕತ್ತರಿಸಿ ಸೀರೆಗೆ ಜಾಗ ಮಾಡಿಕೊಟ್ಟ. ಅವನದೇನೂ ತಪ್ಪಿಲ್ಲ, ಅವನಿಗೆ ಹಾಗೆ ಕಲಿಸಿದವರು ನಾವೇ.

ಬೆಳಿಗ್ಗೆ ಚಹಾ ಕುಡಿಯುತ್ತ ಪತ್ರಿಕೆ ಬಿಡಿಸಿದೊಡನೆ ಕಂಡಿತು. ಮೇಲೆ ‘ಸಕ್ಕರೆ ಕಾಯಿಲೆಗೆ ನೇರಳೆ ಬೀಜ’ ಎಂಬ ತಲೆಬರಹ, ಅದರ ಕೆಳಗೆ ನನ್ನ ಹೆಸರು, ಕೊನೆಗೆ ಆ ಎರಡು ಸಾಲು ಇಲ್ಲ. ತಿದ್ದುಪಡಿ ಹಾಕೋಣ ಅಂತ ಮುಖ್ಯಸ್ಥರ ಹತ್ತಿರ ಹೋದೆ. “ಮನಿಮದ್ದಿಗೆಲ್ಲ ಯಾರು ತಿದ್ದುಪಡಿ ಹಾಕ್ತಾರ್ರೀ? ನಾಳಿ ಇದ್ರಾಗ ಮಂದಿ ಮಿರ್ಚಿ ಕಟ್ಟಿಸ್ಕೊಂಡು ಹೋಗ್ತಾರ, ಬಿಡ್ರಿ” ಅಂದರು. ಬಿಟ್ಟೆ. ನಿಜ ಹೇಳಬೇಕೆಂದರೆ ನನಗೂ ಯಾರಾದರೂ ಬಿಡು ಅನ್ನುವುದೇ ಬೇಕಾಗಿತ್ತು. ವೈದ್ಯರು ಆ ವಾರ ಹಾಳೆ ಎಸೆಯಲೂ ಇಲ್ಲ, ಬೈಯಲೂ ಇಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆಮೇಲೆ ನಾನು ಮರೆತೇಬಿಟ್ಟೆ.

ಅಕ್ಕ ಮರೆಯುವವಳಲ್ಲ. ಅವಳು ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ಕೂಲಿಗೆ ಹೋಗುತ್ತಿದ್ದಳು ಅಂತ, ಕೂಸು ನೋಡಿಕೊಳ್ಳಲಿ ಎಂದು ಅಕ್ಕನ ಶಾಲೆ ಬಿಡಿಸಿದರು. ಆ ಕೂಸು ನಾನು. ಹಾಗಾಗಿ ಅವಳು ಇವತ್ತಿಗೂ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಮಂಗಳವಾರ ಪತ್ರಿಕೆ ತರಿಸಿ, ನನ್ನ ಹೆಸರಿದ್ದ ತುಂಡನ್ನು ಕತ್ತರಿಸಿ ದೇವರ ಜಗಲಿಯ ಮೇಲೆ ಇಡುತ್ತಿದ್ದಳು. ಸೋಮವಾರ ಪೂಜೆ ಮಾಡುವಾಗ ಲಿಂಗಕ್ಕೆ ಹಚ್ಚಿದ ವಿಭೂತಿ ಅದಕ್ಕೂ ಒಂದಿಷ್ಟು. “ಇದೇನಕ್ಕಾ, ಪೇಪರಿಗೆ ವಿಭೂತಿ?” ಅಂತ ನಾನು ನಗುತ್ತಿದ್ದೆ. “ನಿನಗೇನು ಗೊತ್ತದ ಸುಮ್ನಿರು” ಅನ್ನುತ್ತಿದ್ದಳು.

ನನ್ನ ಪುಟ ಒಂದೇ ದಿನಕ್ಕೆ ಸಾಯಲಿಲ್ಲ. ಮೊದಲು ಕಾಲುಭಾಗ ಖಾಸಗಿ ಆಸ್ಪತ್ರೆಗಳ ಜಾಹೀರಾತಾಯಿತು, ಆಮೇಲೆ ಅರ್ಧ. ಆಮೇಲೆ ಜಾಹೀರಾತು ಕೊಟ್ಟ ವೈದ್ಯರ ಹೆಸರಿನಲ್ಲಿ ನಾನೇ ಲೇಖನ ಬರೆದುಕೊಡಬೇಕಾಯಿತು. ಮೊಣಕಾಲು ಬದಲಿಸಿಕೊಂಡು ಬೆಟ್ಟ ಹತ್ತಿದ ಅಜ್ಜಿಯರ ಕತೆಗಳನ್ನು ನಾನು ಎಷ್ಟು ಬರೆದಿದ್ದೇನೆಂದರೆ, ಹತ್ತಲು ನಮ್ಮ ಜಿಲ್ಲೆಯಲ್ಲಿ ಅಷ್ಟು ಬೆಟ್ಟ ಇಲ್ಲ. ನನಗೆ ಬೈಯುತ್ತಿದ್ದ ವೈದ್ಯರು ತೀರಿಕೊಂಡರು. ಓದಿ ತೋರಿಸಲು ಯಾರೂ ಉಳಿಯಲಿಲ್ಲ. ಈಗ ಮಂಗಳವಾರ ಆ ಜಾಗದಲ್ಲಿ ಬಿಳಿ ಕೋಟು ಹಾಕಿ ಕೈ ಕಟ್ಟಿ ನಿಂತವರ ಫೋಟೋ ಬರುತ್ತದೆ. ನನಗೆ ಒಂದು ನಿಮಿಷದ ವಿಡಿಯೋ ಮಾಡುವ ಕೆಲಸ ಕೊಟ್ಟಿದ್ದಾರೆ. ದೇವದುರ್ಗದ ಬಸ್ಸು ಹಿಡಿಯಿರಿ ಅಂತ ಯಾರೂ ಹೇಳುವುದಿಲ್ಲ. ಕಚೇರಿಯಲ್ಲೇ ಕೂತು, ಬೇರೆಯವರು ಮಾಡಿದ್ದನ್ನು ನೋಡಿ ಮಾಡು ಅನ್ನುತ್ತಾರೆ.

ಇತ್ತ ಮಂದಿಗೆ ಫೋನಿನಲ್ಲಿ ಬಂದದ್ದೆಲ್ಲ ವೇದವಾಯಿತು. ಅಕ್ಕನ ಕೈಗೂ ಒಂದು ಫೋನು ಬಂತು. ನಾನು ದೊಡ್ಡ ಪಂಡಿತನ ಹಾಗೆ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದೆ: “ಯಕ್ಕಾ, ಫೋನಿನಾಗ ಬಂದದ್ದು ನಂಬಬ್ಯಾಡ. ಪೇಪರಿನಾಗ ಬಂದದೇನು ನೋಡು. ಅಚ್ಚಿನಾಗ ಇದ್ರ ಮಾತ್ರ ನಂಬು.” ಅವಳು ತಲೆಯಾಡಿಸಿದ್ದಳು.

ಹೋದ ವರ್ಷ ಮಾನ್ವಿಗೆ ಹೋದಾಗ ಅಕ್ಕ ಇಳಿದುಹೋಗಿದ್ದಳು. ಕುಪ್ಪಸ ಜೋಲುತ್ತಿತ್ತು. ಸಕ್ಕರೆ ಕಾಯಿಲೆ ಬಂದು ಆಗಲೇ ಸುಮಾರು ವರ್ಷವಾಗಿತ್ತು, ಗುಳಿಗೆ ತಪ್ಪಿಸುತ್ತಿರಲಿಲ್ಲ. “ಗುಳಿಗಿ ತಗೋತಿ ಇಲ್ಲೋ?” ಅಂದೆ. “ಬಿಟ್ಟು ನಾಕು ತಿಂಗಳಾತು. ಈಗ ಪುಡಿ ತಗೊಳ್ಳಾಕತ್ತೀನಿ” ಎಂದು ಅಡುಗೆಮನೆಯಿಂದ ಡಬ್ಬಿ ತಂದಳು. ಫೋನು ತೆಗೆದು ತೋರಿಸಿದಳು. ಹಳದಿಯಾದ ಹಳೆಯ ಪತ್ರಿಕೆಯ ತುಂಡು, ನೇರಳೆ ಬೀಜ, ನನ್ನ ಹೆಸರು. ಕೆಳಗೆ ದೇವದುರ್ಗದಲ್ಲಿ ಪುಡಿ ಮಾರುವವನ ಫೋನ್ ನಂಬರು. ಅದು ಇದ್ದದ್ದು ಆ ಎರಡು ಸಾಲು ಇರಬೇಕಾದ ಜಾಗದಲ್ಲಿ.

“ಫೋನಿನಾಗ ಬಂದದ್ದು ನಂಬಬ್ಯಾಡಂತ ಹೇಳಿದ್ನಲ್ಲ!” ಎಂದು ಕಿರುಚಿದೆ.

“ಎಲ್ಲಿ ನಂಬೀನೋ ತಮ್ಮಾ? ನೀ ಹೇಳಿದಂಗ ನೋಡೀನಿ” ಎಂದಳು ಅಕ್ಕ. ಎದ್ದು ಹೋಗಿ ಜಗಲಿಯ ಮೇಲಿನ ಕಟ್ಟನ್ನು ಬಿಚ್ಚಿದಳು. ವಿಭೂತಿ ಮೆತ್ತಿದ ಅದೇ ತುಂಡು ತೆಗೆದು ಫೋನಿನ ಪಕ್ಕದಲ್ಲಿಟ್ಟಳು. “ಒಂದೊಂದು ಅಕ್ಷರಾನೂ ಕೂಡಿಸಿ ನೋಡೀನಿ. ಎರಡೂ ಒಂದೇ ಅದಾವ. ಅಚ್ಚಿನಾಗ ಅದ, ನಿನ್ನ ಹೆಸರು ಅದ. ಇನ್ನೇನು ಬೇಕು?”

ಈ ಕಸುಬಿನಲ್ಲಿ ಇಷ್ಟು ಶ್ರದ್ಧೆಯಿಂದ ಪರಿಶೀಲಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಜೇಬಿನಿಂದ ಪೆನ್ನು ತೆಗೆದು ಆ ತುಂಡಿನ ಕೆಳಗೆ ಎರಡು ಸಾಲನ್ನೂ ಬರೆದೆ. ಅಕ್ಕ ಕೂಡಿಸಿಕೊಂಡು ಓದಿದಳು. “ಇದು ಪೆನ್ನಿಲೆ ಬರದದ್ದೋ ತಮ್ಮಾ. ಅಚ್ಚಿನಾಗ ಇಲ್ಲಲ್ಲ” ಅಂದಳು. ಸೀರೆ ಅಂಗಡಿಯ ಕತೆಯನ್ನೆಲ್ಲ ಬಿಡಿಸಿ ಹೇಳಿ, ಕೈ ಮುಗಿದೆ. ನನ್ನ ಸಮಾಧಾನಕ್ಕೆ ಗುಳಿಗೆ ಮತ್ತೆ ಶುರು ಮಾಡಿದಳು.

ಮೂಲವನ್ನೇ ಕೀಳಬೇಕೆಂದು ಮಾರನೆಯ ದಿನ ದೇವದುರ್ಗಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರವೇ ಪುಡಿ ಮಾರುವವನ ಅಂಗಡಿ. ನನ್ನ ಬರಹವನ್ನು ದೊಡ್ಡದು ಮಾಡಿಸಿ ಪ್ಲಾಸ್ಟಿಕ್ ಹಚ್ಚಿಸಿ ತೂಗುಹಾಕಿದ್ದ. ಕಳ್ಳನೊಬ್ಬ ಸಿಗುತ್ತಾನೆ, ಜಗಳ ತೆಗೆಯೋಣ ಅಂತ ಹೋದರೆ ಸಿಕ್ಕವನು ಹಣೆತುಂಬ ವಿಭೂತಿಯ, ಮೆತ್ತನೆ ಮಾತಿನ ಮನುಷ್ಯ. ನಾನು ಯಾರೆಂದು ಹೇಳಿದ್ದೇ ತಡ, ಕೆಳಗಿಳಿದು ಬಂದು ಕಾಲು ಮುಟ್ಟಿದ. “ಯಪ್ಪಾ! ನಮ್ಮಪ್ಪಗೂ ಇದನ್ನೇ ಕೊಟ್ಟೀನ್ರೀ. ನೀವು ಬರದದ್ದಕ್ಕ ನಮ್ಮ ಮನಿ ನಡದದ. ಬರ್ರಿ, ಕೂಡ್ರಿ” ಎಂದ. ಪುಡಿ ಕೊಳ್ಳಲು ನಿಂತಿದ್ದವರಿಗೆಲ್ಲ ಕೂಗಿ ಹೇಳಿದ. ಎದುರಿನ ಅಂಗಡಿಯಿಂದ ಶಾಲು ತರಿಸಿಯೇಬಿಟ್ಟ. ನಮ್ಮ ಕಡೆ ಸನ್ಮಾನ ಅನ್ನುವುದು ಮಳೆಯ ಹಾಗೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಲು ಹೆಗಲ ಮೇಲಿತ್ತು, ಯಾರೋ ಫೋಟೋ ಹೊಡೆದಾಗಿತ್ತು.

ಆಮೇಲೆ ಆ ಎರಡು ಸಾಲನ್ನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನು ನಿಂತವರ ಕಡೆ ತಿರುಗಿ ನಕ್ಕ. “ಸಾಹೇಬ್ರು ಹಂಗ ಹೇಳಬೇಕಾಗ್ತದರೀ. ಡಾಕ್ಟರ್ ಮಂದಿ ಸುಮ್ನ ಬಿಡ್ತಾರೇನು?” ಅಂದ. ಎಲ್ಲರೂ ತಿಳಿದವರಂತೆ ತಲೆಯಾಡಿಸಿದರು. ಅಚ್ಚಿನಲ್ಲಿದ್ದ ನಾನು ನಿಜ, ಎದುರಿಗೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ ನಾನು ಸುಳ್ಳು. ಆ ಹಾಳೆ ತೆಗೆಯುತ್ತೇನೆ ಅಂತ ಮಾತು ಕೊಟ್ಟ, ನಾನು ಶಾಲು ಮಡಿಲಲ್ಲಿಟ್ಟುಕೊಂಡು ವಾಪಸು ಬಸ್ಸು ಹತ್ತಿದೆ. ನಮ್ಮ ಪತ್ರಿಕೆಯಲ್ಲೇ ಎರಡು ಸಾಲು ಹಾಕಿ ಅಂತ ಮುಖ್ಯಸ್ಥರನ್ನು ಮತ್ತೆ ಕೇಳಿದೆ. ಈಗಿನವರು ಹೊಸಬರು. ಅಷ್ಟು ಹಳೆಯದನ್ನು ಯಾಕೆ ಕೆದಕುತ್ತೀರಿ, ಪತ್ರಿಕೆಯ ಮರ್ಯಾದೆ ನೋಡಿ ಅಂದರು.

ಶಾಲು ಹೊದ್ದ ಫೋಟೋ ನಾನು ಊರು ಮುಟ್ಟುವ ಮೊದಲೇ ಮಾನ್ವಿ ಮುಟ್ಟಿತ್ತು. ಇದು ನನಗೆ ಗೊತ್ತಾದದ್ದು ಬೇಸಿಗೆಯಲ್ಲಿ. ಅಕ್ಕ ಆ ಫೋಟೋವನ್ನು ಓಣಿಗೆಲ್ಲ ತೋರಿಸಿದ್ದಳಂತೆ. ನನ್ನ ತಮ್ಮ ತಾನೇ ಹೋಗಿ ಆ ಪುಡಿಯವನ ಹತ್ತಿರ ಸನ್ಮಾನ ಮಾಡಿಸಿಕೊಂಡು ಬಂದಿದ್ದಾನೆ, ಇನ್ನೇನು ಅನುಮಾನ ಅಂದುಕೊಂಡು ಗುಳಿಗೆಯನ್ನು ಮತ್ತೆ ಬಿಟ್ಟಿದ್ದಳು. ನಾನು ಫೋನು ಮಾಡಿದಾಗಲೆಲ್ಲ ತಗೋತೀನಿ ಅನ್ನುತ್ತಿದ್ದಳು.

ನಮ್ಮ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಗಿಸುತ್ತಾರೆ. ಅಕ್ಕ ನಡುಮಧ್ಯಾಹ್ನ ಬರಿಗಾಲಲ್ಲಿ ಓಡಾಡಿದಳು. ಕಾದ ಹೆಂಚಿನಂಥ ನೆಲ ಸುಡುತ್ತಿದ್ದದ್ದು ಅವಳ ಕಾಲಿಗೆ ತಿಳಿಯಲಿಲ್ಲ. ಆ ಕಾಯಿಲೆ ಪಾದದ ಅರಿವನ್ನೇ ತಿಂದುಹಾಕುತ್ತದೆ ಎಂದು ನನ್ನ ಪುಟದಲ್ಲಿ ಹಿಂದೆ ನಾನೇ ಬರೆದಿದ್ದೆ. ಬೊಬ್ಬೆ ಎದ್ದು ಒಡೆದದ್ದನ್ನು ಅರಿಶಿನ ಹಚ್ಚಿ ಬಟ್ಟೆ ಸುತ್ತಿ ಮುಚ್ಚಿಟ್ಟಳು. ನಾನು ಹೋದಾಗ ಬಾಗಿಲಲ್ಲೇ ವಾಸನೆ ಬಂತು.

ರಾಯಚೂರಿಗೆ ಕರೆತಂದು ಸೇರಿಸಿದೆ. ಡಾಕ್ಟರು ಚಿಕ್ಕ ವಯಸ್ಸಿನವನು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದು ಹೇಳಿ, ಅಕ್ಕನ ಮಂಚದ ಪಕ್ಕ ನಿಂತ. “ಯವ್ವಾ, ಗುಳಿಗಿ ಯಾಕ ಬಿಟ್ರಿ? ಯಾರ ಮಾತು ಕೇಳಿ ಬಿಟ್ರಿ?” ಎಂದ.

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. “ಯಾರ ಮಾತೂ ಅಲ್ರೀ ಯಪ್ಪಾ. ನೆಪ್ಪು ಹಾರಿ ಮರತು ಬಿಟ್ಟೀನಿ. ತಪ್ಪು ನಂದೇ ಅದ.”

ಅವನು ನನ್ನ ಕಡೆ ತಿರುಗಿದ. “ಸರ್, ನಾ ನಿಮ್ಮ ಮಂಗಳವಾರದ ಪುಟ ಓದಿ ಬೆಳದವ. ನಿಮ್ಮ ಮನಿಯಾಗೇ ಹಿಂಗಾದ್ರ ಹೆಂಗ್ರೀ?” ನಾನು ಹೇಳಲೆಂದು ಬಾಯಿ ತೆರೆದೆ. ಹೊದಿಕೆಯ ಕೆಳಗಿನಿಂದ ಅಕ್ಕನ ಕೈ ಬಂದು ನನ್ನ ಬೆರಳುಗಳನ್ನು ಬಲವಾಗಿ ಅದುಮಿತು. ಚಿಕ್ಕಂದಿನಲ್ಲಿ ನಾನು ಗಡಿಗೆ ಒಡೆದಾಗ, ಅವ್ವನ ಮುಂದೆ ತಾನೇ ಒಡೆದೆ ಅಂತ ಹೇಳುವಾಗ ಹೀಗೇ ಅದುಮುತ್ತಿದ್ದಳು. ನಾನು ಸುಮ್ಮನಾದೆ. ಹೌದು, ಸುಮ್ಮನಾದೆ. ಡಾಕ್ಟರು ಅಕ್ಕನಿಗೆ ಇನ್ನೂ ನಾಲ್ಕು ಮಾತು ಬೈದು ಹೋದ.

ಕಾಲು ತೆಗೆದ ಮೂರನೆಯ ದಿನ ಅವಳೇ ಮಾತು ತೆಗೆದಳು. “ತಮ್ಮಾ, ಯಾರ ಮುಂದೂ ಹೇಳಬ್ಯಾಡ. ನೀ ಹೆಸರು ಗಳಸಬೇಕಾದ್ರ ಎಷ್ಟು ವರ್ಷ ಹಿಡೀತು! ನನಗರ ಕಾಲು ತಗೊಂಡು ಎಲ್ಲಿ ಹೋಗೋದದ?”

ನಾನು ಹೊರಗೆ ಹೋಗಿ ದವಾಖಾನೆಯ ಗೋಡೆಗೆ ಮುಖ ಹಾಕಿ ಅತ್ತೆ.

ಅಕ್ಕ ಈಗ ಗುಳಿಗೆ ತಪ್ಪಿಸುವುದಿಲ್ಲ. ದೇವರ ಜಗಲಿ ಕಾಣುವಂತೆ ಮಂಚ ಹಾಕಿಸಿಕೊಂಡಿದ್ದಾಳೆ. ಆ ತುಂಡನ್ನು ತೆಗೆಯಲು ನನಗೆ ಬಿಟ್ಟಿಲ್ಲ, ನಿನ್ನ ಹೆಸರಿರುವ ಕಾಗದ ಅನ್ನುತ್ತಾಳೆ. ದೇವದುರ್ಗದ ಹಾಳೆ ಇನ್ನೂ ತೂಗುತ್ತಿದೆ, ಈಗ ಅದರ ಪಕ್ಕ ಶಾಲು ಹೊದ್ದ ನಾನೂ ಇದ್ದೇನೆ ಅಂತ ಕೇಳಿದೆ. ಇನ್ನೂ ಎಷ್ಟು ಮಂದಿ ಗುಳಿಗೆ ಬಿಟ್ಟರೋ ನನಗೆ ಗೊತ್ತಿಲ್ಲ, ತಿಳಿಯುವ ದಾರಿಯೂ ಇಲ್ಲ.

ಇದು ಅಚ್ಚಾದರೆ ಅಕ್ಕ ಇದನ್ನೂ ತರಿಸುತ್ತಾಳೆ, ವಿಭೂತಿ ಹಚ್ಚಿ ಜಗಲಿಯ ಮೇಲೆ ಇಡುತ್ತಾಳೆ. ಅಕ್ಷರ ಕೂಡಿಸಿ ಓದುವವಳು ಇಲ್ಲಿಯವರೆಗೆ ಬರಲು ಎಷ್ಟು ದಿನ ಬೇಕೋ, ಯಾರು ಎಷ್ಟು ಕತ್ತರಿಸುತ್ತಾರೋ. ಅದಕ್ಕೇ ಈ ಸಲ ಮೇಲೆಯೇ ಬರೆದಿದ್ದೇನೆ, ಮಾಡಿದವನು ನಾನು ಅಂತ.