ವಸಡು ಬಣ್ಣದ ರೋಮನ್ ಪಡೆ

ಅರಸೀಕೆರೆಯಲ್ಲಿ ಅರವತ್ತು ದಾಟಿದವರು ಬಾಯ್ತುಂಬ ನಕ್ಕರೆ, ಆ ನಗುವಿನಲ್ಲಿ ರಾಜಶೇಖರನ ಪಾಲು ಇರುವ ಸಂಭವ ಹೆಚ್ಚು. ಅವನು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು ಹಲ್ಲಿನ ಸೆಟ್ಟು ಕಟ್ಟಿಕೊಡುವವನು. ರೈಲ್ವೆ ಸ್ಟೇಷನ್ನಿನಿಂದ ಎರಡು ಬೀದಿ ಆಚೆಗೆ ಮನೆ, ಮನೆಯ ಮುಂದಿನ ಕೋಣೆಯೇ ಲ್ಯಾಬು. ಸೆಟ್ಟು ಹಾಕಿಕೊಂಡು ಕೋಡುಬಳೆ ಕಡಿದವರು ಡಾಕ್ಟರನ್ನು ಹೊಗಳುತ್ತಾರೆ. ಸೆಟ್ಟು ಚುಚ್ಚಿದರೆ ಮಾತ್ರ 'ಅದ್ಯಾವನೋ ಲ್ಯಾಬಿನವನು' ಎಂದು ಇವನ ನೆನಪಾಗುತ್ತದೆ. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ, ಅವನಿಗೆ ಅದರ ಬಗ್ಗೆ ದೂರೇನೂ ಇಲ್ಲ.

ದೂರಿಲ್ಲದಿರಲು ಒಂದು ಕಾರಣ ಅವನ ಇನ್ನೂರ ನಲವತ್ತು ಜನ ರೋಮನ್ ಸೈನಿಕರು. ಒಬ್ಬೊಬ್ಬನೂ ಇಂಚಿಗಿಂತ ಚೂರು ಎತ್ತರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿರಸ್ತ್ರಾಣ, ಗುರಾಣಿ, ಭರ್ಜಿ. ಇಂಥ ಎರಡು ಪಡೆಗಳನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದೆ ಸರಿಸಿ, ದಾಳ ಹಾಕಿ ಯಾರು ಉಳಿದರು ಯಾರು ಬಿದ್ದರು ಎಂದು ತೀರ್ಮಾನಿಸುವ ಆಟವೊಂದಿದೆ. ಅದರ ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿದಾಗ ರಾಜಶೇಖರ ಬೆಂಗಳೂರಿನಿಂದ ಹನ್ನೆರಡು ಬೊಂಬೆ ತರಿಸಿದ. ಕೊಂಡದ್ದು ಅಷ್ಟೇ. ಮಿಕ್ಕವರೆಲ್ಲ ಅವನ ಬೆಂಚಿನ ಮೇಲೆ ಹುಟ್ಟಿದವರು.

ಹುಟ್ಟಿಸುವ ಕ್ರಮ ಹಲ್ಲಿನ ಸೆಟ್ಟಿನದೇ. ಮೇಣದಲ್ಲಿ ಸೈನಿಕನನ್ನು ಕೆತ್ತುವುದು, ಅವನನ್ನು ಪ್ಲಾಸ್ಟರಿನಲ್ಲಿ ಹುದುಗಿಸುವುದು, ಬಿಸಿನೀರಿನಲ್ಲಿ ಮೇಣ ಕರಗಿಸಿ ತೆಗೆದು ಆ ಪೊಳ್ಳಿಗೆ ಅಕ್ರಿಲಿಕ್ ಹಿಟ್ಟು ತುಂಬಿ ಕುದಿಸುವುದು. ಸೆಟ್ಟಿಗೆ ಬಳಸುವ ಹಿಟ್ಟು ವಸಡಿನ ಬಣ್ಣದ್ದಾದ್ದರಿಂದ ರೋಮಿನ ಪಡೆ ಪೂರ್ತಿ ಎಳೆ ಗುಲಾಬಿ ಮೈಯಲ್ಲೇ ಭೂಮಿಗೆ ಬಂದಿತು. ಮೇಲೆ ಕಪ್ಪು ಬಳಿದು, ಕೆಂಪು ಅಂಗಿ, ಹಿತ್ತಾಳೆ ಟೋಪಿ, ಕೆನೆ ಬಣ್ಣದ ಗುರಾಣಿ ಎಂದು ಒಂದೊಂದೇ ಹಚ್ಚಿದ ಮೇಲೆ ಅವರಿಗೆ ಮಾನ ಬರುತ್ತಿತ್ತು. ಭುಜದ ಮೇಲಿನ ತೋಳದ ಚರ್ಮಕ್ಕೆ ಅವನು ಹಾಕುತ್ತಿದ್ದದ್ದು ಎಲೆ ಅಡಿಕೆಯವರ ಸೆಟ್ಟಿಗೆ ಹಾಕುವ ಕಂದು. ಅಂಥವರಿಗೆ ಹಲ್ಲು ತೀರ ಬೆಳ್ಳಗಿದ್ದರೆ ಆಗುವುದಿಲ್ಲ, ಊರವರು ನಂಬುವುದಿಲ್ಲ.

ಅಂಚೆ ಕಚೇರಿಯಲ್ಲಿ ಕೆಲಸದಲ್ಲಿರುವ ಹೆಂಡತಿ ಹೇಮಲತಾ ಈ ವಿಷಯದಲ್ಲಿ ತಟಸ್ಥ ರಾಷ್ಟ್ರ. ತಾಯಿ ರುದ್ರಮ್ಮನಿಗೆ ಎಪ್ಪತ್ತೆಂಟು. ಐವತ್ತೊಂದು ವರ್ಷದ ಮಗ ಬೊಂಬೆಗೆ ಬಣ್ಣ ಬಳಿಯುವುದು ಇಸ್ಪೀಟು ಕುಡಿತಕ್ಕಿಂತ ವಾಸಿ ಎಂದು ಆಕೆ ಬಹಳ ಹಿಂದೆಯೇ ತೀರ್ಮಾನಿಸಿ ಆಗಿತ್ತು.

ಸೈನ್ಯವೇನೋ ಬೆಳೆಯಿತು, ಕಾದಾಡಲು ಶತ್ರುವೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಹಳೇಬೀಡಿನ ಗೊಬ್ಬರದ ಅಂಗಡಿಯ ಶರತ್ಚಂದ್ರ ಕಡಲೆ ಕಡಿಯಲು ಹೋಗಿ ಮುಂದಿನ ಕಟ್ಟಿಸಿದ ಹಲ್ಲು ಮುರಿದುಕೊಂಡ. ಮಾರನೆಯ ದಿನವೇ ತಂಗಿಯ ಮಗಳ ಮದುವೆ. ಡಾಕ್ಟರನ್ನು ಕಾಯಲಾಗದೆ ಮುರಿದದ್ದನ್ನು ಕಾಗದದಲ್ಲಿ ಸುತ್ತಿಕೊಂಡು ಸೀದಾ ಲ್ಯಾಬಿಗೇ ಬಂದ. ಬೆಂಚಿನ ಮೇಲೆ ಅರ್ಧ ಕೆತ್ತಿದ ಮೇಣದ ಸೈನಿಕನನ್ನು ನೋಡಿ, ಹಲ್ಲಿಲ್ಲದ ಬಾಯಿ ಮುಚ್ಚುವುದನ್ನೂ ಮರೆತು, ಇದು ರೋಮನ್ನಲ್ಲವೇ ಎಂದು ಕೇಳಿದ. ಅವನ ಮನೆಯಲ್ಲಿ ರೋಮಿನ ಹಳೆಯ ಶತ್ರು ಹ್ಯಾನಿಬಲ್ಲನ ಕಾರ್ಥೇಜ್ ಪಡೆ ನಾಲ್ಕು ಆನೆಗಳ ಸಮೇತ ಪೆಟ್ಟಿಗೆಯಲ್ಲಿ ಕೂತು ನಾಲ್ಕು ವರ್ಷ ಆಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆ ಆ ದಿನ ಆ ಬೆಂಚಿನ ಮೇಲೆ ಸುಳ್ಳಾಯಿತು.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ರಾಜಶೇಖರ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋಗುತ್ತಾನೆ. ಗೊಬ್ಬರದ ಗೋಡೌನಿನಲ್ಲಿ ಯೂರಿಯಾ ಮೂಟೆಗಳ ಮೇಲೆ ಎರಡು ಪ್ಲೈವುಡ್ ಹಲಗೆ ಹಾಸಿದರೆ ಅದೇ ರಣರಂಗ. ತೆಂಗಿನ ನಾರೇ ಪೊದೆ. ಶರತ್ಚಂದ್ರ ದಿನಾ ಕಾಣುವ ಗುಡಿಯ ಗೋಡೆಯ ಆನೆಪಟ್ಟಿಯನ್ನೇ ನೋಡಿ ಹ್ಯಾನಿಬಲ್ಲನ ಆನೆಗಳಿಗೆ ಗಂಟೆಸರ ಬರೆದಿದ್ದ. ಇಡೀ ಹಾಸನ ಜಿಲ್ಲೆಯಲ್ಲಿ ಈ ಆಟ ಆಡುವವರು, ಅವರಿಬ್ಬರಿಗೆ ತಿಳಿದ ಮಟ್ಟಿಗೆ, ಅವರಿಬ್ಬರೇ.

ಮೂರು ವರ್ಷ ಆಡಿದ ಮೇಲೆ ತಾವೇ ಒಂದು ಕಾಯಿದೆ ಮಾಡಿಕೊಂಡರು. ರೋಮನ್ ಪಡೆಯಲ್ಲಿ ಕೋಲಿನ ತುದಿಗೆ ಲೋಹದ ಹದ್ದನ್ನು ಹೊತ್ತು ಮುಂದೆ ನಡೆಯುವವನೊಬ್ಬ ಇರುತ್ತಿದ್ದ. ಹದ್ದು ಶತ್ರುವಿನ ಪಾಲಾದರೆ ಆ ಪಡೆಗೆ ತಲೆ ಎತ್ತಲಾಗದ ಅವಮಾನ. ಹ್ಯಾನಿಬಲ್ಲನ ಕಾಲಕ್ಕೆ ಹದ್ದೊಂದೇ ಅಲ್ಲ, ತೋಳ, ಹಂದಿಯ ಲಾಂಛನಗಳೂ ಇದ್ದವು ಎಂದು ಶರತ್ಚಂದ್ರ ವಾದ ತೆಗೆದ. ಇಬ್ಬರೂ ಮಠಕ್ಕೆ ನಡೆದುಕೊಳ್ಳುವ ಮನೆತನದವರು, ಹಂದಿಯ ಮಾತು ಅಲ್ಲಿಗೇ ನಿಂತು ಹದ್ದೇ ಗಟ್ಟಿಯಾಯಿತು. ಆಟದಲ್ಲಿ ಹದ್ದಿನವನು ಸಿಕ್ಕಿಬಿದ್ದರೆ ಅವನು ಎದುರಾಳಿಯ ಮನೆಗೆ ಹೋಗಬೇಕು, ಗೆದ್ದು ಬಿಡಿಸಿಕೊಳ್ಳುವವರೆಗೆ ಅಲ್ಲೇ ಇರಬೇಕು. ಯಾರ ಮನೆಯಲ್ಲಿದ್ದರೂ ಆಟದ ದಿನ ಅವನು ಹಲಗೆಯ ಮೇಲೆ ಹಾಜರಿರಬೇಕು. ಇದಕ್ಕಾಗಿ ರಾಜಶೇಖರ ಒಬ್ಬನೇ ಒಬ್ಬ ಹದ್ದಿನವನನ್ನು ಇಪ್ಪತ್ತು ದಿನ ಕೂತು ಮಾಡಿದ. ನಾಲ್ಕನೆಯ ತಿಂಗಳಿಗೇ ಕಳೆದುಕೊಂಡ.

ಆಮೇಲೆ ಆರು ವರ್ಷ ಹದ್ದಿನವನು ಶರತ್ಚಂದ್ರನ ನಡುಮನೆಯ ಷೋಕೇಸಿನಲ್ಲಿ ನಿಂತ. ರಾಜಶೇಖರ ಸಣ್ಣಪುಟ್ಟ ಆಟಗಳನ್ನು ಗೆದ್ದದ್ದುಂಟು, ಹದ್ದನ್ನು ಬಿಡಿಸುವಷ್ಟು ದೊಡ್ಡ ಗೆಲುವು ಬರಲಿಲ್ಲ. ಪ್ರತಿ ತಿಂಗಳೂ ಆ ಗಾಜಿನ ಎದುರಿಗೇ ಕೂತು ಕಾಫಿ ಕುಡಿಯಬೇಕಾಗಿತ್ತು, ಅದು ಅವನಿಗೆ ನೋಯುತ್ತಿತ್ತು. ಬೊಂಬೆಗೆ ಇಷ್ಟೊಂದೇ ಎಂದು ಕೇಳುವವರಿಗೆ ಹೇಳುವಂಥದ್ದೇನಿಲ್ಲ. ನೋಯುತ್ತಿತ್ತು, ಅಷ್ಟೇ.

ಈ ವರ್ಷ ಗೆದ್ದ. ಶರತ್ಚಂದ್ರನ ಆನೆಗಳು ನುಗ್ಗಿದಾಗ ರಾಜಶೇಖರ ಸಾಲುಗಳ ನಡುವೆ ದಾರಿ ಬಿಟ್ಟ. ಆನೆಗಳು ದಾರಿ ಹಿಡಿದು ಹಿಂದಕ್ಕೆ ಹೊರಟುಹೋದವು. ತನ್ನ ಕುದುರೆಪಡೆಯನ್ನು ಶರತ್ಚಂದ್ರ ಯಾವತ್ತೂ ತಡೆದವನಲ್ಲ, ಅವತ್ತು ಒಂದು ಸುತ್ತು ಪೂರ್ತಿ ತಡೆದು ನಿಲ್ಲಿಸಿದ. ಆ ಒಂದು ಸುತ್ತಿನಲ್ಲೇ ರೋಮ್ ಗೆದ್ದಿತು. ಸೆಟ್ಟು ಇಡುವ ಡಬ್ಬಿಯಲ್ಲಿ ಹತ್ತಿ ಹಾಸಿ ಹದ್ದಿನವನನ್ನು ಮಲಗಿಸಿಕೊಂಡು ರಾಜಶೇಖರ ಬಸ್ಸು ಹತ್ತಿದ. ಡಬ್ಬಿ ಯಾಕೋ ಭಾರ ಎನಿಸಿತು. ಆರು ವರ್ಷ ಕಾದದ್ದು ಭಾರವಾಗದೆ ಇನ್ನೇನಾದೀತು ಎಂದುಕೊಂಡ. ಆಟಗಳ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಎದುರು 'ಗೆಲುವು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಮೂರನೆಯ ವಾರ ಕಪಾಟಿನ ಮೇಲುಹಂತದಿಂದ ಹದ್ದಿನವನು ಕಾಣೆಯಾದ. ಧೂಳು ಒರೆಸುವಾಗ ಬಿದ್ದು ಕೈ ಮುರಿದುಕೊಂಡನೆಂದೂ, ಸೋಮವಾರವೇ ಅರಳಿಕಟ್ಟೆಯ ಮೇಲೆ ಇಟ್ಟು ಬಂದೆನೆಂದೂ ರುದ್ರಮ್ಮ ಸಮಾಧಾನವಾಗಿಯೇ ಹೇಳಿದಳು. ಸಾಮಾನ್ಯ ಸೈನಿಕ ಮುರಿದರೆ ಆಕೆ ಗುಡಿಸಿ ಕಸಕ್ಕೆ ಹಾಕುವವಳು. ಕೋಲಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ ಕಂಡದ್ದರಿಂದ ಇವನ ದರ್ಜೆ ಏರಿಬಿಟ್ಟಿತ್ತು.

"ಗರುಡಗಂಬ ಹಿಡ್ಕೊಂಡಿರೋ ದೇವ್ರು ಕಣಪ್ಪ," ಎಂದಳು. "ನಮ್ಮನೆ ದೇವ್ರಲ್ದಿದ್ರೂ ದೇವ್ರು ದೇವ್ರೇ. ಭಿನ್ನ ಆದ್ಮೇಲೆ ಮನೇಲಿ ಮಡಿಕ್ಕೋಬಾರ್ದು."

ತಾಯಿಯ ಮೇಲೆ ಕೋಪ ಮಾಡಿಕೊಳ್ಳಲು ಜಾಗವಿರಲಿಲ್ಲ. ಮುರಿದ ದೇವರನ್ನು ಇಟ್ಟುಕೊಳ್ಳುವಂತಿಲ್ಲ, ಬಿಸಾಡುವಂತಿಲ್ಲ, ಅರಳಿಕಟ್ಟೆಯೇ ಗತಿ ಎಂದು ಅವನೂ ಹುಟ್ಟಿದಾಗಿನಿಂದ ನೋಡಿಕೊಂಡು ಬಂದವನೇ. ಲ್ಯಾಬಿನ ಟಾರ್ಚು ತಂದು ಕಪಾಟಿನ ಕೆಳಗೆ ಬಗ್ಗಿ ನೋಡಿದ. ಮುರಿದ ಕೈ ಮೂಲೆಯಲ್ಲಿ ಬಿದ್ದಿತ್ತು, ಭತ್ತದ ಕಾಳಿನಷ್ಟು. ಎತ್ತಿ ಬೆಳಕಿಗೆ ಹಿಡಿದ. ಮುರಿದ ಕಡೆ ಗುಲಾಬಿ ಇರಲಿಲ್ಲ, ಬೂದು ಇತ್ತು. ಬ್ಲೇಡಿನ ತುದಿಯಿಂದ ಕೆರೆದರೆ ನುಣ್ಣಗೆ ಪುಡಿ ಉದುರಿತು. ಬಳಪದ ಕಲ್ಲು. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಮಾರುವ ಪುಟಾಣಿ ಆನೆ, ನಂದಿಗಳನ್ನು ಮಾಡುವ ಕಲ್ಲು.

ಚಪ್ಪಲಿ ಮೆಟ್ಟಿಕೊಂಡು ಅರಳಿಕಟ್ಟೆಗೆ ಹೋದ. ಗಾಜು ಸೀಳಿದ ದೇವರ ಪಟಗಳು, ಕಿವಿ ಹೋದ ಗಣಪತಿಗಳ ನಡುವೆ ರೋಮನ್ ಯೋಧ ಒಂದೇ ಕೈಯವನಾಗಿ ನಿಂತಿದ್ದ. ಯಾರೋ ಹಣೆಗೆ ಕುಂಕುಮ ಇಟ್ಟಿದ್ದರು. ಎತ್ತಿ ಬುಡ ಕೆರೆದು ನೋಡಿದ, ಪೂರ್ತಿ ಕಲ್ಲು. ಕೆತ್ತನೆ ಅಚ್ಚುಕಟ್ಟಾಗಿತ್ತು, ಬಣ್ಣವೂ ನೆಟ್ಟಗಿತ್ತು, ಕೆಂಪು ಮಾತ್ರ ಶರತ್ಚಂದ್ರ ತನ್ನ ಆನೆಗಳ ಬೆನ್ನಿಗೆ ಹಚ್ಚುವ ಕೆಂಪು. ಇದನ್ನು ಅವತ್ತೇ ಕಾಣಬೇಕಾಗಿತ್ತು. ಹಲ್ಲಿನಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು ಗೆದ್ದ ಖುಷಿಯಲ್ಲಿ ಕುರುಡಾಗಿತ್ತು. ಇದ್ದಲ್ಲೇ ಇಟ್ಟು ಬಂದ. ಅಲ್ಲಿಗೆ ಸೇರಿದ್ದನ್ನು ಮನೆಗೆ ತರುವುದಿಲ್ಲ.

ಅಸಲಿ ಹದ್ದು ಏನಾಯಿತು ಎನ್ನುವುದಕ್ಕಿಂತ ಬೇರೊಂದು ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ಕೊಟ್ಟ ಹದ್ದು ನಕಲಿಯಾದರೆ, ಗೆಲುವು? ಆ ಕುದುರೆಪಡೆ ಒಂದು ಸುತ್ತು ಯಾಕೆ ನಿಂತಿತು? ಆರು ವರ್ಷ ಸೋತವನನ್ನು ನೋಡಿ ಪಾಪ ಎನಿಸಿ, ಕಲ್ಲಿನದೊಂದು ಮಾಡಿಸಿಟ್ಟು, ಬೇಕೆಂದೇ ಸೋತು ಕೈಗೆ ಹಾಕಿ ಕಳಿಸಿದನೇ? ಮಕ್ಕಳ ಜೊತೆ ಚೌಕಾಬಾರ ಆಡುವ ಅಜ್ಜಂದಿರು ಹಾಗೆ ಮಾಡುತ್ತಾರೆ. ಸೋಲನ್ನು ಅವನು ಆರು ವರ್ಷ ನುಂಗಿದ್ದ, ಭಿಕ್ಷೆಯ ಗೆಲುವು ಗಂಟಲಲ್ಲಿ ಇಳಿಯಲಿಲ್ಲ. ಗುರುವಾರ ನೋಟ್‌ಬುಕ್ಕು ತೆಗೆದು 'ಗೆಲುವು' ಎನ್ನುವುದರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿದ.

ಕೇಳುವುದೂ ಸುಲಭವಿರಲಿಲ್ಲ. ಕೇಳಿ ಮನಸ್ಸು ಮುರಿದರೆ ಇನ್ನೂರ ನಲವತ್ತು ಜನರನ್ನು ಕಟ್ಟಿಕೊಂಡು ಯಾರ ಮೇಲೆ ಯುದ್ಧಕ್ಕೆ ಹೋಗುವುದು? ಆಟದ ಭಾನುವಾರ ಹತ್ತಿರ ಬರುತ್ತಿತ್ತು, ಹದ್ದು ಹಲಗೆಯ ಮೇಲೆ ಹಾಜರಿರಬೇಕಾಗಿತ್ತು. ಬಾಣಾವರದ ಯಜಮಾನರೊಬ್ಬರ ಕೆಳಸೆಟ್ಟನ್ನು ಎರಡು ದಿನ ಮುಂದಕ್ಕೆ ಹಾಕಿ ಹೊಸ ಹದ್ದಿನವನನ್ನು ಮಾಡಿದ. ಮೇಣ, ಪ್ಲಾಸ್ಟರ್, ಗುಲಾಬಿ ಹಿಟ್ಟು, ಕುದಿನೀರು. ಬಣ್ಣವೆಲ್ಲ ಮುಗಿದ ಮೇಲೆ ಕಾಲಡಿಯ ಬಿಲ್ಲೆಯ ತಳಕ್ಕೆ ಮಾತ್ರ ಏನೂ ಬಳಿಯಲಿಲ್ಲ. ತಿರುಗಿಸಿ ನೋಡಿದವರಿಗೆ ವಸಡಿನ ಬಣ್ಣ ಕಾಣಲಿ ಎಂದು ಬಿಟ್ಟ.

ಭಾನುವಾರ ಗೋಡೌನಿನಲ್ಲಿ ಸೈನ್ಯಗಳನ್ನು ಹೂಡಿ ಆದ ಮೇಲೆ ಕೊನೆಗೆ ಹದ್ದಿನವನನ್ನು ಇಟ್ಟ. ಶರತ್ಚಂದ್ರ ಅಭ್ಯಾಸದಂತೆ ಎತ್ತಿಕೊಂಡ, ಅಂಗೈಯಲ್ಲಿ ತೂಗಿದ, ತಿರುಗಿಸಿ ತಳ ನೋಡಿದ.

"ಇದು ನಾನು ಕೊಟ್ಟಿದ್ದಲ್ಲ," ಎಂದ.

"ಅಲ್ಲ ಅಣ್ಣ. ನೀವು ಕೊಟ್ಟಿದ್ದು ಬಿದ್ದು ಮುರೀತು. ಒಳಗೆ ಕಲ್ಲಿತ್ತು."

ಶರತ್ಚಂದ್ರ ಯೂರಿಯಾ ಮೂಟೆಯ ಮೇಲೆ ಕೂತು ಎಲ್ಲ ಹೇಳಿದ. ಎರಡು ವರ್ಷದ ಹಿಂದೆ ನಡುಮನೆಯ ಟ್ಯೂಬ್‌ಲೈಟು ಬದಲಿಸಲು ಸ್ಟೂಲು ಹತ್ತಿದ್ದನಂತೆ. ಇಳಿಯುವಾಗ ಆಯ ತಪ್ಪಿ ಷೋಕೇಸಿಗೆ ಒರಗಿದ, ಬಾಗಿಲು ತೆಗೆದುಕೊಂಡಿತು, ಹದ್ದಿನವನು ಕೆಳಗೆ ಬಿದ್ದ. ಹುಡುಕಲೆಂದು ಇಟ್ಟ ಹೆಜ್ಜೆ ಅವನ ಮೇಲೇ ಬಿತ್ತು. ಆನೆ ಆಡಿಸುವವನು ತಾನೇ ತುಳಿದು ಪುಡಿಮಾಡಿದ್ದ. ಸೆರೆಯಾಳನ್ನು ಕಾಯಲಾರದವನು ಎಂದು ಆಗಬಾರದೆಂದು ಪರಿಚಯದ ಕೆತ್ತನೆಯವನಿಗೆ ಫೋಟೋ ತೋರಿಸಿ ಕಲ್ಲಿನಲ್ಲಿ ಮಾಡಿಸಿ, ತಾನೇ ಬಣ್ಣ ಹಚ್ಚಿ, ಗಾಜಿನ ಹಿಂದೆ ನಿಲ್ಲಿಸಿದ. ಆಟದ ದಿನ ಹಲಗೆಯ ಮೇಲೆ ಇಡುವುದೂ ಎತ್ತುವುದೂ ತಾನೇ ಮಾಡುತ್ತಿದ್ದ. ತಪ್ಪಾಯಿತು ಎಂದ.

ರಾಜಶೇಖರನಿಗೆ ತಪ್ಪು ಬೇಕಾಗಿರಲಿಲ್ಲ. ಅವನು ಕೇಳಬೇಕಾದ್ದು ಒಂದೇ ಇತ್ತು.

"ಹೋದ ತಿಂಗ್ಳು ನೀವು ಬೇಕಂತ ಸೋತ್ರಾ?"

ಶರತ್ಚಂದ್ರ ಅವನ ಮುಖವನ್ನು ಅರ್ಥವಾಗದವನಂತೆ ನೋಡಿದ.

"ಬೇಕಂತ ಸೋಲೋದಾ? ಸೋತ್ರೆ ಕಲ್ಲಿಂದು ನಿಮ್ಮ ಕೈಗೆ ಹೋಗ್ತದಲ್ರೀ. ಎರಡು ವರ್ಷ, ಪ್ರತಿ ತಿಂಗ್ಳೂ, ಇವತ್ತು ಸೋಲಬಾರ್ದು ಸೋಲಬಾರ್ದು ಅಂತ ಹಲ್ಲು ಕಚ್ಚಿ ಆಡಿದೀನಿ. ಅವತ್ತು ಆ ಹೆದರಿಕೇಲೇ ಕುದುರೆ ಬಿಡದೆ ಕಾವಲಿಗೆ ನಿಲ್ಸಿದ್ದು. ಆದ್ರೂ ನೀವು ಗೆದ್ರಿ ಕಣ್ರೀ."

ರಾಜಶೇಖರ ಟೇಪು ಕೈಗೆತ್ತಿಕೊಂಡು ಮೊದಲ ಸಾಲನ್ನು ನಾಲ್ಕು ಇಂಚು ಮುಂದೆ ಸರಿಸಿದ. ಅವನಿಗೆ ಬಹಳ ಸಂತೋಷವಾಗಿತ್ತು.

ಹೆದರಿಕೆ ಬಿಟ್ಟ ಶರತ್ಚಂದ್ರ ಅವತ್ತು ಕುದುರೆಪಡೆಯನ್ನು ಎರಡನೆಯ ಸುತ್ತಿಗೇ ಬಿಟ್ಟ. ನಾಲ್ಕು ಗಂಟೆಯ ಹೊತ್ತಿಗೆ ರೋಮಿನ ಎಡಬದಿ ಮಗುಚಿ, ಗುಲಾಬಿ ತಳದ ಹದ್ದಿನವನು ಸೆರೆಸಿಕ್ಕಿ, ಷೋಕೇಸಿನ ಕೆಳಹಂತಕ್ಕೆ ಹೋದ. ಬಾಗಿಲಿಗೆ ರಬ್ಬರ್ ಬ್ಯಾಂಡು ಸುತ್ತಿದರು.

ಮನೆಗೆ ಬಂದವನ ಕೈಯಲ್ಲಿ ಖಾಲಿ ಡಬ್ಬಿ ನೋಡಿ ರುದ್ರಮ್ಮ ಹೊಸ ಗರುಡ ಎಲ್ಲಿ ಎಂದು ಕೇಳಿದಳು. ಸೋತು ಬಿಟ್ಟು ಬಂದೆ ಎಂದ. ಸೋತು ಬಂದವರ ಮುಖ ಹೀಗಿರುವುದಿಲ್ಲ ಎಂದು ಆಕೆ ನಂಬದೆ ಒಳಗೆ ಹೋದಳು. ರಾಜಶೇಖರ ನೋಟ್‌ಬುಕ್ಕು ತೆಗೆದು ಹೋದ ತಿಂಗಳ ಪ್ರಶ್ನಾರ್ಥಕವನ್ನು ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಅದರ ಕೆಳಗೆ ಇವತ್ತಿನ ತಾರೀಖು ಹಾಕಿ 'ಸೋಲು' ಎಂದು ದುಂಡಗೆ ಬರೆದ.